ಅತಿ ಹೆಚ್ಚು ಗೋಲ್ ಹೊಡೆದೂ ಮುಳುಗಿದ ತಂಡ: ಮ್ಯಾಂಚೆಸ್ಟರ್ ಸಿಟಿಯ ಸೀಸನ್ ಪಟ್ಟಿ ಓದುವ ಬಗೆ

ಮೊದಲು ಈ ಒಂದು ಸಾಲು ನೋಡಿ.

1937-38: ಆಟ 42, ಗೆಲುವು 14, ಡ್ರಾ 8, ಸೋಲು 20, ಹೊಡೆದ ಗೋಲ್ 80, ಹೊಡೆಸಿಕೊಂಡ ಗೋಲ್ 77, ಪಾಯಿಂಟ್ 36, ಸ್ಥಾನ 21.

ಇದು ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಒಂದು ವರ್ಷದ ಲೆಕ್ಕ. ಆಗ ಇಂಗ್ಲೆಂಡಿನ ಮೇಲಿನ ಡಿವಿಷನ್‌ನಲ್ಲಿ 22 ತಂಡಗಳಿದ್ದವು. ಕೊನೆಯ ಎರಡು ತಂಡ ಕೆಳಗಿನ ಡಿವಿಷನ್‌ಗೆ ಇಳಿಯಬೇಕಿತ್ತು. 21ನೆಯದಾದ ಸಿಟಿ ಇಳಿಯಿತು. ಇಷ್ಟೇ ಆಗಿದ್ದರೆ ಯಾವುದೋ ಬಡಪಾಯಿ ತಂಡ ಅಂದುಕೊಂಡು ಮುಂದಿನ ಸಾಲಿಗೆ ಹೋಗಬಹುದಿತ್ತು. ಆದರೆ ಆ ವರ್ಷ ಆ ಡಿವಿಷನ್‌ನಲ್ಲಿ ಅತಿ ಹೆಚ್ಚು ಗೋಲ್ ಹೊಡೆದದ್ದು ಇದೇ ತಂಡ. ಚಾಂಪಿಯನ್ ಆದ ಆರ್ಸೆನಲ್ ಹೊಡೆದದ್ದು 77, ಮುಳುಗಿದ ಸಿಟಿ ಹೊಡೆದದ್ದು 80. ಅದರ ಹಿಂದಿನ ಸಾಲು ಇನ್ನೂ ಮಜಾ ಇದೆ. 1936-37: ಗೆಲುವು 22, ಸೋಲು ಬರೀ 7, ಗೋಲ್ 107, ಪಾಯಿಂಟ್ 57, ಸ್ಥಾನ 1. ಅಂದರೆ ಹೋದ ವರ್ಷ ಲೀಗ್ ಗೆದ್ದವರು ಈ ವರ್ಷ ಎಲ್ಲರಿಗಿಂತ ಜಾಸ್ತಿ ಗೋಲ್ ಹೊಡೆದು ಕೆಳಗೆ ಬಿದ್ದರು. ಇಂಗ್ಲೆಂಡಿನಲ್ಲಿ ಚಾಂಪಿಯನ್ ಆದ ಮರುವರ್ಷವೇ ಕೆಳಗಿಳಿದ ತಂಡ ಇದೊಂದೇ.

ಈಗಿನ ಹುಡುಗರಿಗೆ ಸಿಟಿ ಅಂದ್ರೆ ಅಬುಧಾಬಿಯ ದುಡ್ಡು, ಕೋಚ್ ಗಾರ್ಡಿಯೋಲಾ, ಗೋಲ್ ಹೊಡೆಯುವ ಹಾಲಂಡ್, ವರ್ಷ ವರ್ಷ ಕಪ್. ತಪ್ಪೇನಿಲ್ಲ. ಆದರೆ ಈ ಕ್ಲಬ್ಬಿನ ಪಟ್ಟಿ ಶುರುವಾಗುವುದು 1892-93ರಿಂದ. ದುಡ್ಡು ಬಂದದ್ದು 2008ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ಸಾಲುಗಳ ಕಥೆಯೇ ಬೇರೆ. ಇಂಗ್ಲಿಷ್ ಫುಟ್‌ಬಾಲಿನ ಲೆಕ್ಕದ ಪುಸ್ತಕ ಓದುವುದನ್ನು ಕಲಿಯಬೇಕಾದರೆ ಇದಕ್ಕಿಂತ ಒಳ್ಳೆ ಕ್ಲಬ್ ಸಿಗಲಿಕ್ಕಿಲ್ಲ ಅಂತ ನನ್ನ ಅನಿಸಿಕೆ. ಲೀಗಿನ ಪ್ರತಿಯೊಂದು ವಿಚಿತ್ರ ನಿಯಮವೂ ಒಂದಲ್ಲ ಒಂದು ವರ್ಷ ಇವರ ತಲೆ ಮೇಲೆ ಬಿದ್ದಿದೆ. ಅಂಕಿ ಸುಮ್ನೆ ಓದಿದರೆ ಏನೂ ಗೊತ್ತಾಗುವುದಿಲ್ಲ, ಆ ವರ್ಷ ಯಾವ ನಿಯಮ ಇತ್ತು ಅಂತ ಗೊತ್ತಿರಬೇಕು.

ಮೊದಲು ಏಣಿಯ ವಿಷಯ. ನಮಗೆ ಐಪಿಎಲ್ ನೋಡಿ ಅಭ್ಯಾಸ. ಅಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡಕ್ಕೆ ಸ್ವಲ್ಪ ಮುಜುಗರ, ಅಷ್ಟೇ. ಮುಂದಿನ ವರ್ಷ ಅದೇ ಕುರ್ಚಿ ಕಾದಿರುತ್ತದೆ. ರಣಜಿಯಲ್ಲಿ ಎಲೀಟ್, ಪ್ಲೇಟ್ ಅಂತ ಇದೆಯಲ್ಲ, ಅದನ್ನು ನೆನಪಿಸಿಕೊಂಡರೆ ಇಂಗ್ಲೆಂಡಿನ ಪದ್ಧತಿ ಬೇಗ ಅರ್ಥವಾಗುತ್ತದೆ. ಅಲ್ಲಿ ಈಗ ನಾಲ್ಕು ಮೆಟ್ಟಿಲು, ಒಟ್ಟು 92 ಕ್ಲಬ್. ಮೇಲಿನ ಮೆಟ್ಟಿಲಲ್ಲಿ 20, ಉಳಿದ ಮೂರರಲ್ಲಿ ತಲಾ 24. ಮೇಲಿನಿಂದ ಪ್ರತಿ ವರ್ಷ ಮೂರು ತಂಡ ಇಳಿಯುತ್ತವೆ, ಕೆಳಗಿನಿಂದ ಮೂರು ಹತ್ತುತ್ತವೆ. ಸರ್ಕಾರಿ ಕಚೇರಿಯ ಮಾತಲ್ಲಿ ಹೇಳುವುದಾದರೆ ಬಡ್ತಿ, ಹಿಂಬಡ್ತಿ. ಹಿಂಬಡ್ತಿಯಾದ ಕ್ಲಬ್ಬಿಗೆ ಟಿವಿ ದುಡ್ಡು ಕಡಿಮೆಯಾಗುತ್ತದೆ, ಒಳ್ಳೆ ಆಟಗಾರರು ಬೇರೆ ಕಡೆ ಹೊರಡುತ್ತಾರೆ, ಸಾಲ ಮಾತ್ರ ಹಾಗೇ ಇರುತ್ತದೆ. ಹಾಗಾಗಿ 17ನೇ ಸ್ಥಾನಕ್ಕೂ 18ನೇ ಸ್ಥಾನಕ್ಕೂ ಇರುವ ಅಂತರ ಅಲ್ಲಿ ಒಂದು ಪ್ರಪಾತ.

ಕಪ್‌ಗಳ ಲೆಕ್ಕ ಬೇರೆ. ಎಫ್‌ಎ ಕಪ್, ಲೀಗ್ ಕಪ್ ಎರಡೂ ಸೋತವರು ಮನೆಗೆ ಹೋಗುವ ಪಂದ್ಯಾವಳಿಗಳು. ಅವುಗಳ ಗೆಲುವು, ಗೋಲು ಯಾವುದೂ ಲೀಗಿನ ಕಾಲಂಗಳಲ್ಲಿ ಸೇರುವುದಿಲ್ಲ. ಒಂದೇ ವರ್ಷ ಕಪ್ ಫೈನಲ್ ಆಡಿ, ಲೀಗಿನಲ್ಲಿ ಮುಳುಗಬಹುದು. ಯಾರು ಹಾಗೆ ಮೊದಲು ಮಾಡಿದ್ದು ಅಂತ ಕೇಳಬೇಡಿ, ಸಿಟಿಯೇ. ಅದಕ್ಕೆ ಆಮೇಲೆ ಬರೋಣ.

ಇನ್ನೊಂದು ಗೊಂದಲ ಹೆಸರಿನದು. 1992ರಲ್ಲಿ ಮೇಲಿನ ಕ್ಲಬ್ಬುಗಳು ಬೇರೆಯಾಗಿ ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ಆಗ ಉಳಿದವರು ಏನು ಮಾಡಿದರು ಗೊತ್ತಾ? ಎರಡನೇ ಮೆಟ್ಟಿಲಿಗೆ ‘ಫಸ್ಟ್ ಡಿವಿಷನ್’ ಅಂತಲೂ, ಮೂರನೆಯದಕ್ಕೆ ‘ಸೆಕೆಂಡ್ ಡಿವಿಷನ್’ ಅಂತಲೂ ಹೆಸರಿಟ್ಟರು. 2004ರಲ್ಲಿ ಅವು ಚಾಂಪಿಯನ್‌ಷಿಪ್ ಮತ್ತು ಲೀಗ್ ಒನ್ ಆದವು. ಒಂದನೇ ಲೀಗ್ ಅಂದರೆ ಮೂರನೇ ಮೆಟ್ಟಿಲು! ಸಿಟಿಯ ಪಟ್ಟಿಯಲ್ಲಿ 1898-99ರ ಮುಂದೆ ‘ಸೆಕೆಂಡ್ ಡಿವಿಷನ್’ ಅಂತಿದೆ. ಸರಿಯಾಗಿ ನೂರು ವರ್ಷ ಬಿಟ್ಟು 1998-99ರ ಮುಂದೆಯೂ ‘ಸೆಕೆಂಡ್ ಡಿವಿಷನ್’ ಅಂತಲೇ ಇದೆ. ಹೆಸರು ಒಂದೇ, ಮೆಟ್ಟಿಲು ಬೇರೆ. ಮೊದಲನೆಯದು ಕ್ಲಬ್ ಮೊಟ್ಟಮೊದಲ ಸಲ ಮೇಲೆ ಹತ್ತಿದ ವರ್ಷ. ಎರಡನೆಯದು ಅದು ಅತ್ಯಂತ ಕೆಳಗೆ ಇದ್ದ ವರ್ಷ.

ಶುರುವಾದದ್ದು ಚರ್ಚಿನಲ್ಲಿ. ಪೂರ್ವ ಮ್ಯಾಂಚೆಸ್ಟರಿನ ವೆಸ್ಟ್ ಗಾರ್ಟನ್‌ನಲ್ಲಿ ಸೇಂಟ್ ಮಾರ್ಕ್ಸ್ ಅಂತ ಒಂದು ಚರ್ಚ್. ಸುತ್ತ ಕಾರ್ಖಾನೆಗಳು, ಬಡತನ, ಕುಡಿತ, ಬೀದಿ ಗ್ಯಾಂಗುಗಳ ಹೊಡೆದಾಟ. ಗಂಡಸರನ್ನೂ ಹುಡುಗರನ್ನೂ ಒಳ್ಳೆ ದಾರಿಗೆ ಎಳೆಯಲು ಚರ್ಚಿನವರು ಆಟೋಟ ಶುರುಮಾಡಿದರು. ಪಾದ್ರಿಯ ಮಗಳು ಆನಾ ಕಾನೆಲ್ ಹೆಸರು ಈ ಕಥೆಯಲ್ಲಿ ತಪ್ಪದೆ ಬರುತ್ತದೆ. 1880ರಲ್ಲಿ ಫುಟ್‌ಬಾಲ್ ತಂಡವಾಯಿತು. 1887ರಲ್ಲಿ ಹೈಡ್ ರೋಡ್ ಮೈದಾನಕ್ಕೆ ಬಂದು ಆರ್ಡ್‌ವಿಕ್ ಅಂತ ಹೆಸರು ಬದಲಿಸಿತು. ಇಲ್ಲಿ ಒಂದು ತಮಾಷೆ: ಕುಡಿತ ಬಿಡಿಸಲು ಹುಟ್ಟಿದ ತಂಡದ ಆಟಗಾರರು ಬಟ್ಟೆ ಬದಲಿಸುತ್ತಿದ್ದದ್ದು ಪಕ್ಕದ ಹೋಟೆಲಿನ ಪಬ್‌ನಲ್ಲಿ. ಮೈದಾನಕ್ಕೆ ದುಡ್ಡಿನ ನೆರವು ಬಂದದ್ದು ಬಿಯರ್ ಕಂಪನಿಯಿಂದ! 1892ರಲ್ಲಿ ಸೆಕೆಂಡ್ ಡಿವಿಷನ್ ಹುಟ್ಟಿದಾಗ ಆರ್ಡ್‌ವಿಕ್ ಅದರ ಮೊದಲ ಸದಸ್ಯರಲ್ಲಿ ಒಂದು. ಎರಡೇ ವರ್ಷಕ್ಕೆ ದುಡ್ಡಿನ ಮುಗ್ಗಟ್ಟು. 1894ರಲ್ಲಿ ಹೊಸದಾಗಿ ನಿಂತದ್ದು ಮ್ಯಾಂಚೆಸ್ಟರ್ ಸಿಟಿ.

ಆ ಕಾಲದಲ್ಲಿ ಸೆಕೆಂಡ್ ಡಿವಿಷನ್ ಗೆದ್ದ ಮಾತ್ರಕ್ಕೆ ಮೇಲೆ ಹೋಗುವಂತಿರಲಿಲ್ಲ. ಕೆಳಗಿನ ಮೊದಲಿಗರು ಮೇಲಿನ ಕೊನೆಯವರ ಜೊತೆ ‘ಟೆಸ್ಟ್ ಮ್ಯಾಚ್’ ಆಡಬೇಕಿತ್ತು. 1895-96ರಲ್ಲಿ ಎರಡನೇ ಸ್ಥಾನಕ್ಕೆ ಬಂದ ಸಿಟಿ ಹೀಗೆ ಆಡಿ ಬಾಗಿಲಲ್ಲೇ ಉಳಿಯಿತು. ನೇರ ಬಡ್ತಿ ಬಂದದ್ದು 1898-99ರಲ್ಲಿ. ಆ ವರ್ಷ ಡಿವಿಷನ್ ಗೆದ್ದ ಸಿಟಿಯೂ, ಎರಡನೆಯದಾದ ಗ್ಲಾಸಪ್ ಕೂಡ ನೇರವಾಗಿ ಹತ್ತಿದ ಮೊದಲ ತಂಡಗಳು.

1904ರಲ್ಲಿ ಬಿಲ್ಲಿ ಮೆರೆಡಿತ್ ಹೊಡೆದ ಒಂದೇ ಗೋಲಿನಿಂದ ಬೋಲ್ಟನ್ ತಂಡವನ್ನು ಸೋಲಿಸಿ ಸಿಟಿ ಎಫ್‌ಎ ಕಪ್ ಗೆದ್ದಿತು. ಲೀಗಿನಲ್ಲಿ ಎರಡನೇ ಸ್ಥಾನ. ಹಾಗಾದರೆ 1906-07ರಲ್ಲಿ ಯಾಕೆ 17ನೇ ಸ್ಥಾನ? ಅಂಕಿ ಹೇಳುವುದಿಲ್ಲ. ಆಗ ಆಟಗಾರನ ವಾರದ ಸಂಬಳಕ್ಕೆ 4 ಪೌಂಡ್ ಮಿತಿ ಇತ್ತು. ಕ್ಲಬ್ಬುಗಳು ಕದ್ದುಮುಚ್ಚಿ ಜಾಸ್ತಿ ಕೊಡುತ್ತಿದ್ದವು. ಆ್ಯಸ್ಟನ್ ವಿಲ್ಲಾ ನಾಯಕನಿಗೆ ಲಂಚದ ಆಸೆ ತೋರಿಸಿದ ಅಂತ ಮೆರೆಡಿತ್ ಅಮಾನತಾದ. ಅದರ ಹಿಂದೆಯೇ ಸಂಬಳದ ಗುಟ್ಟೂ ಹೊರಬಿತ್ತು. 1906ರಲ್ಲಿ 17 ಆಟಗಾರರಿಗೆ ದಂಡ, ಅಮಾನತು. ಇಡೀ ತಂಡವೇ ಖಾಲಿ. ಹೊಸ ಸೀಸನ್ನಿನ ಮೊದಲ ಪಂದ್ಯ, ಸೆಪ್ಟೆಂಬರಿನ ಸುಡುಬಿಸಿಲು. ಒಬ್ಬೊಬ್ಬರೇ ಸುಸ್ತಾಗಿ ಹೊರಬಿದ್ದರು. ಕೊನೆಗೆ ಮೈದಾನದಲ್ಲಿ ಸಿಟಿಯವರು ಉಳಿದದ್ದು ಆರೇ ಜನ. ಆರ್ಸೆನಲ್ ವಿರುದ್ಧ 1-4. ಮುಂದಿನ ಪಂದ್ಯ ಎವರ್ಟನ್ ವಿರುದ್ಧ 1-9. ಮೆರೆಡಿತ್ ಸೇರಿ ನಾಲ್ವರು ಹೋಗಿ ಸೇರಿದ್ದು ಪಕ್ಕದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. 1907-08ರಲ್ಲಿ ಯುನೈಟೆಡ್ ಮೊದಲ ಸಲ ಲೀಗ್ ಗೆದ್ದಿತು. ಮನೆ ಊಟ ಹಾಕಿ ಬೆಳೆಸಿದ ಮಕ್ಕಳು ಪಕ್ಕದ ಮನೆ ಬೆಳಗಿದ ಹಾಗಾಯಿತು.

1915ರಿಂದ 1919, 1939ರಿಂದ 1946 ಪಟ್ಟಿಯಲ್ಲಿ ಖಾಲಿ. ಯುದ್ಧ. 1939-40ರಲ್ಲಿ ಮೂರು ಪಂದ್ಯ ಆಗುವಷ್ಟರಲ್ಲಿ ಲೀಗ್ ನಿಂತಿತು, ಆ ಪಂದ್ಯಗಳನ್ನೂ ಲೆಕ್ಕದಿಂದ ತೆಗೆದುಬಿಟ್ಟರು.

ಈಗ ನನಗೆ ಇಡೀ ಪಟ್ಟಿಯಲ್ಲಿ ಅತಿ ಇಷ್ಟವಾದ ಜಾಗಕ್ಕೆ ಬರೋಣ. 1925-26: ಗೆಲುವು 12, ಡ್ರಾ 11, ಸೋಲು 19, ಹೊಡೆದದ್ದು 89, ಹೊಡೆಸಿಕೊಂಡದ್ದು 100. ನೂರು! 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಗಿತ್ತು. ಅಲ್ಲಿಯವರೆಗೆ ಮುನ್ನುಗ್ಗುವ ಆಟಗಾರನ ಎದುರು ಎದುರಾಳಿಯ ಮೂವರು ಇರಬೇಕಿತ್ತು, ಈಗ ಇಬ್ಬರು ಸಾಕು. ಎಲ್ಲ ಕಡೆ ಗೋಲಿನ ಮಳೆ. ಸಿಟಿಗೆ ಆ ಮಳೆ ಎರಡೂ ಕಡೆಯಿಂದ ಸುರಿಯಿತು. ಎಫ್‌ಎ ಕಪ್ ಫೈನಲ್‌ವರೆಗೆ ಹೋಗಿ ಬೋಲ್ಟನ್ ಎದುರು 0-1 ಸೋತರು. ಲೀಗಿನ ಕೊನೆಯ ದಿನ ನ್ಯೂಕ್ಯಾಸಲ್‌ನಲ್ಲಿ ಒಂದು ಪೆನಾಲ್ಟಿ ತಪ್ಪಿಸಿ 2-3 ಸೋತು ಕೆಳಗೂ ಇಳಿದರು. ಒಂದೇ ವರ್ಷ ಕಪ್ ಫೈನಲ್ ಸೋತು ಹಿಂಬಡ್ತಿಯನ್ನೂ ಪಡೆದ ಮೊದಲ ತಂಡ.

ಮರುವರ್ಷ ಸೆಕೆಂಡ್ ಡಿವಿಷನ್. ಎರಡು ತಂಡಕ್ಕೆ ಬಡ್ತಿ. ಕೊನೆಯ ದಿನ ಸಿಟಿಗೂ ಪೋರ್ಟ್ಸ್‌ಮತ್‌ಗೂ ಒಂದೇ ಜಾಗಕ್ಕೆ ಪೈಪೋಟಿ. ಸಿಟಿ ಬ್ರ್ಯಾಡ್‌ಫರ್ಡ್ ಸಿಟಿಯನ್ನು 8-0 ಬಡಿಯಿತು. ಸಿಟಿಯ ಮೈನ್ ರೋಡ್ ಮೈದಾನದಲ್ಲಿ ಜನ ಬಡ್ತಿ ಸಿಕ್ಕೇಬಿಟ್ಟಿತು ಅಂದುಕೊಂಡರು. ಆದರೆ ಪೋರ್ಟ್ಸ್‌ಮತ್ ಪಂದ್ಯ ಇನ್ನೂ ಮುಗಿದಿರಲಿಲ್ಲ. ಅವರು ಪ್ರೆಸ್ಟನ್ ತಂಡವನ್ನು 5-1 ಗೆದ್ದರು. ಇಬ್ಬರಿಗೂ 54 ಪಾಯಿಂಟ್.

ಆಗ ಸಮ ಬಂದರೆ ಗೋಲ್ ಸರಾಸರಿ ನೋಡುತ್ತಿದ್ದರು. ಹೊಡೆದದ್ದನ್ನು ಹೊಡೆಸಿಕೊಂಡದ್ದರಿಂದ ಭಾಗಿಸಬೇಕು. ಕ್ಯಾಲ್ಕುಲೇಟರ್ ತಗೊಳ್ಳಿ. ಸಿಟಿ 108 ಹೊಡೆದು 61 ಹೊಡೆಸಿಕೊಂಡಿತ್ತು: 1.7705. ಪೋರ್ಟ್ಸ್‌ಮತ್ 87 ಹೊಡೆದು 49 ಹೊಡೆಸಿಕೊಂಡಿತ್ತು: 1.7755. ದಶಮಾಂಶದ ಮೂರನೇ ಅಂಕಿಯಲ್ಲಿ ಬಡ್ತಿ ಹೋಯಿತು! ಸಿಟಿ ಇನ್ನೊಂದೇ ಒಂದು ಗೋಲ್ ಹೊಡೆದಿದ್ದರೆ 109ನ್ನು 61ರಿಂದ ಭಾಗಿಸಿ 1.7869 ಆಗುತ್ತಿತ್ತು. 8-0 ಸಾಲಲಿಲ್ಲ, 9-0 ಬೇಕಿತ್ತು. ಈಗ ಅದೇ ಅಂಕಿಗಳನ್ನು ಇವತ್ತಿನ ನಿಯಮಕ್ಕೆ ಹಾಕಿ. ಭಾಗಿಸುವುದು ಬೇಡ, ಕಳೆಯಿರಿ. ಸಿಟಿಗೆ 47, ಪೋರ್ಟ್ಸ್‌ಮತ್‌ಗೆ 38. ಹತ್ತಿರವೂ ಇಲ್ಲ. ಭಾಗಾಕಾರ ಕಡಿಮೆ ಗೋಲ್ ಬಿಡುವ ಜಿಪುಣ ತಂಡದ ಪಕ್ಷಪಾತಿ. ಕಳೆಯುವ ಲೆಕ್ಕ ಜಾಸ್ತಿ ಹೊಡೆಯುವವರ ಕಡೆ. ಇಂಗ್ಲೆಂಡ್ ಕಳೆಯುವ ಲೆಕ್ಕಕ್ಕೆ ಬದಲಾದದ್ದು 1976-77ರಲ್ಲಿ, ಸಿಟಿಯ ಪಾಲಿಗೆ ಅರ್ಧ ಶತಮಾನ ತಡವಾಗಿ.

ಈಗ ಮತ್ತೆ 1937-38ಕ್ಕೆ ವಾಪಸ್. ಆಗ ಗೆಲುವಿಗೆ ಎರಡು ಪಾಯಿಂಟ್, ಡ್ರಾಗೆ ಒಂದು. 14 ಗೆಲುವಿಗೆ 28, 8 ಡ್ರಾಗೆ 8, ಒಟ್ಟು 36. ಆ ವರ್ಷ ಡಿವಿಷನ್ ಎಷ್ಟು ಒತ್ತೊತ್ತಾಗಿತ್ತು ಅಂದರೆ ಚಾಂಪಿಯನ್ ಆರ್ಸೆನಲ್‌ಗೂ 52 ಪಾಯಿಂಟ್ ಮಾತ್ರ. ಸ್ಟೋಕ್, ಬರ್ಮಿಂಗ್‌ಹ್ಯಾಮ್, ಪೋರ್ಟ್ಸ್‌ಮತ್, ಗ್ರಿಮ್ಸ್‌ಬಿ ನಾಲ್ಕೂ 38ರಲ್ಲಿ ಉಳಿದುಕೊಂಡವು. ಅಂದರೆ ಒಂದು ಗೆಲುವಿನಷ್ಟು ಅಂತರ. ಬರ್ಮಿಂಗ್‌ಹ್ಯಾಮ್ ಗೆದ್ದದ್ದು ಬರೀ 10, ಆದರೆ 18 ಡ್ರಾ ಮಾಡಿಕೊಂಡಿತ್ತು. ಗೆಲುವಿಗೆ ಎರಡೇ ಪಾಯಿಂಟ್ ಇದ್ದಾಗ ಡ್ರಾ ಅಂದರೆ ಅರ್ಧ ಗೆಲುವು, ಒಳ್ಳೆ ವ್ಯಾಪಾರ.

1981ರಿಂದ ಗೆಲುವಿಗೆ ಮೂರು ಪಾಯಿಂಟ್. ಆ ಲೆಕ್ಕ ಇಲ್ಲಿಗೆ ಹಾಕಿದರೆ ಸಿಟಿಗೆ 50, ಬರ್ಮಿಂಗ್‌ಹ್ಯಾಮ್‌ಗೆ 48. ಕೊನೆಯಲ್ಲಿದ್ದ ವೆಸ್ಟ್ ಬ್ರಾಮ್‌ಗೂ 50, ಆದರೆ ಅವರ ಗೋಲ್ ಲೆಕ್ಕ ಕೆಟ್ಟದ್ದು. ಸಿಟಿ 20ನೇ ಸ್ಥಾನದಲ್ಲಿ ಬಚಾವ್! ಖುಷಿಪಡುವ ಮುಂಚೆ ಇನ್ನೊಂದು ಮಾತು. ಇವತ್ತಿನ ಹಾಗೆ ಮೂರು ತಂಡ ಇಳಿಸುವ ನಿಯಮವೂ ಜೊತೆಗೆ ಬಂದರೆ 20ನೇ ಸ್ಥಾನವೂ ಮುಳುಗುತ್ತದೆ. ಹಳೇ ಪಂದ್ಯಗಳಿಗೆ ಹೊಸ ನಿಯಮ ಹಾಕುವುದು ಹುಡುಗಾಟವೇ, ನಿಯಮ ಬೇರೆ ಇದ್ದಿದ್ದರೆ ಆಡುವ ರೀತಿಯೂ ಬೇರೆ ಇರುತ್ತಿತ್ತು. ಆದರೂ ಸಿಟಿಯ ಅಭಿಮಾನಿಗಳು ಇಂಥದ್ದಕ್ಕೆ ‘ಟಿಪಿಕಲ್ ಸಿಟಿ’ ಅನ್ನುತ್ತಾರೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಒಂದು ಕಾಲು ಗುಂಡಿಯಲ್ಲೇ.

1957-58 ಬರೀ ವಿನೋದಕ್ಕೆ. ಹೊಡೆದದ್ದು 104, ಹೊಡೆಸಿಕೊಂಡದ್ದು 100. ಎರಡೂ ಕಾಲಂನಲ್ಲಿ ನೂರು ಕಂಡ ವರ್ಷ ಇದು. ವೆಸ್ಟ್ ಬ್ರಾಮ್ ಎದುರು 2-9, ಲೆಸ್ಟರ್ ಎದುರು 4-8. ಸ್ಥಾನ? ಐದು. 42 ಪಂದ್ಯಗಳಲ್ಲಿ ಡ್ರಾ ಆದದ್ದು ಐದೇ. ಆ ಗೋಲ್‌ಪೋಸ್ಟಿನಲ್ಲಿ ನಿಲ್ಲುತ್ತಿದ್ದವರು ಬರ್ಟ್ ಟ್ರಾಟ್‌ಮನ್. ಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕ, ಆಮೇಲೆ ಇಂಗ್ಲೆಂಡಿನಲ್ಲೇ ಉಳಿದು ಸಿಟಿ ಸೇರಿದವರು. 1956ರ ಎಫ್‌ಎ ಕಪ್ ಫೈನಲ್‌ನ ಕೊನೆಯ ನಿಮಿಷಗಳನ್ನು ಕುತ್ತಿಗೆ ಮೂಳೆ ಮುರಿದುಕೊಂಡೇ ಆಡಿ ಕಪ್ ಗೆಲ್ಲಿಸಿದ್ದರು. ಮೂಳೆ ಮುರಿದಿದೆ ಅಂತ ಗೊತ್ತಾದದ್ದು ಕೆಲವು ದಿನಗಳ ಮೇಲೆ.

ಮ್ಯಾನೇಜರ್ ಜೋ ಮರ್ಸರ್, ಅವರ ಸಹಾಯಕ ಮಾಲ್ಕಮ್ ಆಲಿಸನ್ ಜೋಡಿಯ ಕಾಲ ಪಟ್ಟಿಯ ಹಸಿರು ಪ್ಯಾಚು. 1966ರಲ್ಲಿ ಬಡ್ತಿ, 1967-68ರಲ್ಲಿ 58 ಪಾಯಿಂಟ್‌ನೊಂದಿಗೆ ಚಾಂಪಿಯನ್. ಯುನೈಟೆಡ್‌ಗೆ 56. ಕೊನೆಯ ದಿನ ನ್ಯೂಕ್ಯಾಸಲ್‌ನಲ್ಲಿ 4-3 ಗೆದ್ದರು. 1969ರಲ್ಲಿ ಎಫ್‌ಎ ಕಪ್, 1970ರಲ್ಲಿ ಲೀಗ್ ಕಪ್ ಜೊತೆಗೆ ಯುರೋಪಿನ ಕಪ್ ವಿನ್ನರ್ಸ್ ಕಪ್. 1976ರಲ್ಲಿ ಮತ್ತೊಂದು ಲೀಗ್ ಕಪ್. ಆಮೇಲೆ ದೊಡ್ಡ ಕಪ್‌ಗಳ ಕಾಲಂ 35 ವರ್ಷ ಖಾಲಿ. ಯುನೈಟೆಡ್ ಅಭಿಮಾನಿಗಳು ತಮ್ಮ ಮೈದಾನದಲ್ಲಿ ಆ ವರ್ಷಗಳನ್ನು ಎಣಿಸುವ ಬ್ಯಾನರ್ ಕಟ್ಟಿದ್ದರು. ಪ್ರತಿ ವರ್ಷ ಅಂಕಿ ಬದಲಿಸುತ್ತಿದ್ದರು.

ಆ ಖಾಲಿ ವರ್ಷಗಳಲ್ಲಿ ಎರಡು ಕೊನೇ ದಿನಗಳನ್ನು ಹತ್ತಿರದಿಂದ ನೋಡಬೇಕು. 1983ರ ಮೇ 14, ಮೈನ್ ರೋಡ್, ಎದುರಿಗೆ ಲೂಟನ್. ಕೆಳಗಿಳಿಯದೆ ಉಳಿಯಲು ಸಿಟಿಗೆ ಡ್ರಾ ಸಾಕು. ನಾಲ್ಕು ನಿಮಿಷ ಬಾಕಿ ಇದ್ದಾಗ ಲೂಟನ್‌ನ ರಾಡಿ ಆಂಟಿಚ್ ಗೋಲ್ ಹೊಡೆದ. ಲೂಟನ್ 49, ಸಿಟಿ 47. ಲೂಟನ್ ಮ್ಯಾನೇಜರ್ ಡೇವಿಡ್ ಪ್ಲೀಟ್ ಸೂಟು ಹಾಕಿಕೊಂಡೇ ಮೈದಾನದ ತುಂಬ ಕುಣಿಯುತ್ತಾ ಓಡಿದರು.

1996ರ ಮೇ 5, ಅದೇ ಮೈದಾನ, ಎದುರಿಗೆ ಲಿವರ್‌ಪೂಲ್. ಸಿಟಿ, ಸೌತಾಂಪ್ಟನ್, ಕಾವೆಂಟ್ರಿ ಮೂರೂ ಒಂದೇ ಪಾಯಿಂಟ್‌ನಲ್ಲಿವೆ, ಮೂರರಲ್ಲಿ ಒಂದು ಇಳಿಯಬೇಕು. ಸಿಟಿ 0-2 ಹಿಂದೆ ಬಿದ್ದು 2-2 ಮಾಡಿಕೊಂಡಿತು. ಆಗ ಬೇರೆ ಮೈದಾನದಿಂದ ಒಂದು ತಪ್ಪು ಸುದ್ದಿ ಬಂತು, ಡ್ರಾ ಸಾಕು ಅಂತ. ಗೆಲ್ಲಬೇಕಾದ ತಂಡ ಚೆಂಡನ್ನು ಮೂಲೆ ಬಾವುಟದ ಹತ್ತಿರ ತಗೊಂಡು ಹೋಗಿ ಟೈಮ್ ಕಳೆಯತೊಡಗಿತು! ಬದಲಿ ಆಟಗಾರ ಇಳಿದ ಮೇಲೆ ಹೊರಗೆ ಹೋಗಿದ್ದ ನಿಯಾಲ್ ಕ್ವಿನ್‌ಗೆ ನಿಜವಾದ ಸ್ಕೋರು ಗೊತ್ತಾಯಿತು. ಗೆರೆಯಂಚಿಗೆ ಓಡಿ ಬಂದು, ಗೋಲ್ ಬೇಕು ಅಂತ ಕಿರುಚಿ ಹೇಳಬೇಕಾಯಿತು. ತಡವಾಗಿತ್ತು. ಮೂರೂ ತಂಡಕ್ಕೆ 38 ಪಾಯಿಂಟ್. ಸಿಟಿ 33 ಹೊಡೆದು 58 ಹೊಡೆಸಿಕೊಂಡಿತ್ತು, ಮೈನಸ್ 25. ಉಳಿದ ಎರಡಕ್ಕೂ ಮೈನಸ್ 18. ಈ ಸಲ ಹಳೇ ಭಾಗಾಕಾರ ಹಾಕಿದರೂ, ಹಳೇ ಎರಡು ಪಾಯಿಂಟ್ ಲೆಕ್ಕ ಹಾಕಿದರೂ ಸಿಟಿಯೇ ಕೆಳಗೆ. ನಾನು ಹಾಕಿ ನೋಡಿದ್ದೇನೆ.

ಎರಡು ವರ್ಷಕ್ಕೆ ಇನ್ನೊಂದು ಮೆಟ್ಟಿಲು ಕೆಳಗೆ. 1998ರಲ್ಲಿ ಸೀಸನ್ನಿನ ಕೊನೆಯ ದಿನ ಸ್ಟೋಕ್‌ನಲ್ಲಿ 5-2 ಗೆದ್ದೂ ಇಳಿದರು. ಬೇರೆಯವರೂ ಗೆದ್ದಿದ್ದರು. ಹಾಗೆ ಬಂದದ್ದೇ 1998-99ರ ಸಾಲು: ಗೆಲುವು 22, ಡ್ರಾ 16, ಸೋಲು 8, ಗೋಲ್ 69-33, ಪಾಯಿಂಟ್ 82, ಸ್ಥಾನ 3. ಮೂರನೇ ಮೆಟ್ಟಿಲಲ್ಲಿ ಆಡುವ ತಂಡವನ್ನು ನೋಡಲು ಪ್ರತಿ ಪಂದ್ಯಕ್ಕೆ ಸರಾಸರಿ 28 ಸಾವಿರ ಜನ ಬರುತ್ತಿದ್ದರು. ಇದು ಈ ಸಾಲಿನ ನಿಜವಾದ ಅದ್ಭುತ ಅಂತ ನನಗನಿಸುತ್ತದೆ. ಮೊದಲ ಎರಡು ಸ್ಥಾನಕ್ಕೆ ನೇರ ಬಡ್ತಿ. 3ರಿಂದ 6ರವರೆಗಿನ ನಾಲ್ವರು ಪ್ಲೇ-ಆಫ್ ಆಡಿ ಒಬ್ಬರು ಹತ್ತಬೇಕು.

ವೆಂಬ್ಲಿಯಲ್ಲಿ ಮೇ 30ರಂದು ಫೈನಲ್, ಎದುರಾಳಿ ಗಿಲ್ಲಿಂಗ್‌ಹ್ಯಾಮ್. 87ನೇ ನಿಮಿಷಕ್ಕೆ 0-2. ಸಿಟಿ ಅಭಿಮಾನಿಗಳು ಎದ್ದು ಬಾಗಿಲ ಕಡೆ ಹೊರಟರು. 90ನೇ ನಿಮಿಷದಲ್ಲಿ ಹಾರ್ಲಾಕ್ ಒಂದು ಗೋಲ್. ಐದು ನಿಮಿಷದ ಹೆಚ್ಚುವರಿ ಸಮಯದ ತುದಿಯಲ್ಲಿ ಪಾಲ್ ಡಿಕಾಫ್ ಎರಡನೇ ಗೋಲ್ ಹೊಡೆದ. ಹೊರಗೆ ಹೋಗಿದ್ದವರು ಗದ್ದಲ ಕೇಳಿ ಮತ್ತೆ ಒಳಗೆ ಓಡಿಬಂದರು. ಗೋಲ್ ಹೊಡೆಸಿಕೊಂಡ ಕೀಪರ್ ವಿನ್ಸ್ ಬಾರ್ಟ್ರಮ್, ಡಿಕಾಫ್ ಮದುವೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳೆಯ! ಪೆನಾಲ್ಟಿಯಲ್ಲಿ 3-1 ಗೆದ್ದರು. ಡಿಕಾಫ್ ಹೊಡೆದ ಪೆನಾಲ್ಟಿ ಮಾತ್ರ ಎರಡೂ ಕಂಬಕ್ಕೆ ಬಡಿದು ಹೊರಬಂತು. ಆ ಎರಡು ಗೋಲ್ ಪಟ್ಟಿಯ 69ರಲ್ಲಿ ಇಲ್ಲ. ಪ್ಲೇ-ಆಫ್ ಲೀಗ್ ಲೆಕ್ಕಕ್ಕೆ ಬರುವುದಿಲ್ಲ.

2000ದಲ್ಲಿ ಮತ್ತೆ ಬಡ್ತಿ, 2001ರಲ್ಲಿ ಹಿಂಬಡ್ತಿ, 2002ರಲ್ಲಿ 99 ಪಾಯಿಂಟ್ 108 ಗೋಲ್ ಹೊಡೆದು ಮತ್ತೆ ಬಡ್ತಿ. 2003ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ್ದ ಹೊಸ ಮೈದಾನಕ್ಕೆ ಹೋದರು. ಅಲ್ಲಿ 2006-07ರಲ್ಲಿ ಇಡೀ ವರ್ಷ ತವರಿನ 19 ಲೀಗ್ ಪಂದ್ಯಗಳಲ್ಲಿ ಹೊಡೆದದ್ದು 10 ಗೋಲ್. ಜನವರಿ 1ರ ನಂತರ ಸೊನ್ನೆ. ಟಿಕೆಟ್ ದುಡ್ಡು ಕೊಟ್ಟವರ ಪಾಡು ನೋಡಿ. 2008ರ ಸೆಪ್ಟೆಂಬರ್ 1ಕ್ಕೆ ಕ್ಲಬ್ ಕೊಳ್ಳಲು ಅಬುಧಾಬಿಯವರು ಬಂದರು, ಅದೇ ದಿನ ಬ್ರೆಜಿಲ್ ಆಟಗಾರ ರೊಬಿನ್ಯೋ ಬಂದ.

ಆಮೇಲಿನ ಸಾಲುಗಳು ನಿಮಗೆ ಗೊತ್ತಿರುವವೇ. 2017-18ರಲ್ಲಿ 32 ಗೆಲುವು, 106 ಗೋಲ್, 100 ಪಾಯಿಂಟ್. 2018-19ರಲ್ಲಿ 98 ಪಾಯಿಂಟ್, ಲಿವರ್‌ಪೂಲ್‌ಗೆ 97. 2023ರಲ್ಲಿ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ. 2024ಕ್ಕೆ ಸತತ ನಾಲ್ಕನೇ ಲೀಗ್, ಹಿಂದೆ ಯಾರೂ ಮಾಡಿರಲಿಲ್ಲ. ಇದರ ಜೊತೆ ಇನ್ನೊಂದೂ ಹೇಳಬೇಕು. 2023ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗ್ ಈ ಕ್ಲಬ್ ಮೇಲೆ ಹಣಕಾಸು ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಕ್ಲಬ್ ಒಪ್ಪಿಕೊಂಡಿಲ್ಲ. 1906ರ 4 ಪೌಂಡಿನ ಕಥೆ ಓದಿದವರಿಗೆ ನೆನಪಾಗದೆ ಇರುತ್ತದಾ?

ಕೊನೆಗೆ 2011-12. ಸರ್ಜಿಯೋ ಅಗುವೆರೊ 93ನೇ ನಿಮಿಷ ದಾಟಿದ ಮೇಲೆ ಹೊಡೆದ ಗೋಲನ್ನು ಎಲ್ಲರೂ ನೋಡಿದ್ದೀರಿ. ಕ್ಯೂಪಿಆರ್ (ಕ್ವೀನ್ಸ್ ಪಾರ್ಕ್ ರೇಂಜರ್ಸ್) ಎದುರು 3-2, 44 ವರ್ಷದ ಮೇಲೆ ಲೀಗ್. ನಾನು ತೋರಿಸುವುದು ಪಟ್ಟಿಯನ್ನು. ಸಿಟಿ: ಗೆಲುವು 28, ಡ್ರಾ 5, ಸೋಲು 5, ಗೋಲ್ 93-29. ಯುನೈಟೆಡ್: ಗೆಲುವು 28, ಡ್ರಾ 5, ಸೋಲು 5, ಗೋಲ್ 89-33. ಇಬ್ಬರಿಗೂ 89 ಪಾಯಿಂಟ್. ಕಳೆದು ನೋಡಿದರೆ ಸಿಟಿಗೆ 64, ಯುನೈಟೆಡ್‌ಗೆ 56. ಪ್ರೀಮಿಯರ್ ಲೀಗ್ ಗೋಲ್ ಅಂತರದಲ್ಲಿ ತೀರ್ಮಾನವಾದದ್ದು ಅದೇ ಮೊದಲು.

ಆ ಅಕ್ಟೋಬರಿನಲ್ಲಿ ಸಿಟಿ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ಗೇ ಹೋಗಿ 6-1 ಹೊಡೆದಿತ್ತು. ಈಗ ಒಂದು ಕೆಲಸ ಮಾಡಿ. ಆ ಪಂದ್ಯ ಸಿಟಿ 1-0 ಗೆದ್ದಿತ್ತು ಅಂದುಕೊಳ್ಳಿ. ಪಾಯಿಂಟ್ ಏನೂ ಬದಲಾಗುವುದಿಲ್ಲ. ಸಿಟಿಯ 93ರಲ್ಲಿ ಐದು ಕಡಿಮೆಯಾಗಿ 88, 29ರಲ್ಲಿ ಒಂದು ಕಡಿಮೆಯಾಗಿ 28. ಯುನೈಟೆಡ್‌ನ 89ರಲ್ಲಿ ಒಂದು ಕಡಿಮೆಯಾಗಿ 88, 33ರಲ್ಲಿ ಐದು ಕಡಿಮೆಯಾಗಿ 28. ಎರಡೂ ತಂಡದ ಎಲ್ಲ ಕಾಲಂ ಒಂದೇ! ಗೆಲುವು, ಡ್ರಾ, ಸೋಲು, ಹೊಡೆದದ್ದು, ಹೊಡೆಸಿಕೊಂಡದ್ದು, ಪಾಯಿಂಟ್, ಒಂದಂಕಿಯೂ ಆಚೀಚೆ ಇಲ್ಲ. ಹಾಗೇನಾದರೂ ಆಗಿದ್ದರೆ ನಿಯಮದ ಪ್ರಕಾರ ಬೇರೆ ಊರಿನ ಮೈದಾನದಲ್ಲಿ ಇನ್ನೊಂದು ಪಂದ್ಯ ಆಡಿಸಿ ಚಾಂಪಿಯನ್ ಯಾರು ಅಂತ ನೋಡಬೇಕಿತ್ತು. 6-1 ಆದ ದಿನ ಕೊನೆಯ ಮೂರು ಗೋಲ್ ಬಂದದ್ದು ಪಂದ್ಯ ಗೆದ್ದಾಗಿ, ಯುನೈಟೆಡ್ ಅಭಿಮಾನಿಗಳು ಮನೆ ದಾರಿ ಹಿಡಿದಿದ್ದ ಹೊತ್ತಲ್ಲಿ.

ಸಿಟಿ ಓಲ್ಡ್ ಟ್ರಾಫರ್ಡ್‌ನಲ್ಲಿ 6-1 ಗೆದ್ದದ್ದು ಅದೇ ಮೊದಲೇನಲ್ಲ. 1926ರ ಜನವರಿಯಲ್ಲೂ ಅಲ್ಲೇ, ಅಷ್ಟಕ್ಕೇ ಗೆದ್ದಿತ್ತು. ಆ ವರ್ಷ ಕೆಳಗೆ ಇಳಿಯಿತು.